ಪ್ರಗತಿಶೀಲ ರಾಕ್ ಸಂಗೀತ: ಅಂದಿನವರು, ಇಂದಿನವರು

ಈ ಲೇಖನದ ಶೀರ್ಷಿಕೆಯನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಕಾಲೇಜಿನ ವಾರ್ಷಿಕ ಸಂಚಿಕೆಯ ಕನ್ನಡ ಪುಟಗಳಲ್ಲಿ ಇಂಗ್ಲಿಷರ ಗಿಟಾರಿನ ಗದ್ದಲಕ್ಕೇನು ಕೆಲಸವೆಂದು ಕೇಳಲೂಬಹುದು. ಅಂಥವರಲ್ಲಿ ನನ್ನದೊಂದು ಬಿನ್ನಹ: ತೀರ್ಪನ್ನು ಕೊನೆಯ ಪುಟದವರೆಗೆ ತಡೆದಿಟ್ಟುಕೊಳ್ಳಬೇಕು. ನಾನು ಹೇಳಹೊರಟಿರುವುದು ಗಿಟಾರಿನ ವಿಷಯವಾಗಿದ್ದರೂ ಗಿಟಾರಿನಲ್ಲಿಯೇ ಮುಗಿಯುವ ವಿಷಯವಲ್ಲ. ಅದು ಕಾಲೇಜುಗಳಿಗೂ, ಅಲ್ಲಿ ಓದುವ ತರುಣರಿಗೂ, ಆ ತರುಣರಿಗೆ ದೊರೆಯುವ ಇಲ್ಲವೆ ದೊರೆಯದೆ ಹೋಗುವ ಬಿಡುವಿಗೂ ಸಂಬಂಧಪಟ್ಟದ್ದು.

ಇದರ ಮೂಲ ನಮ್ಮ ವಿದ್ಯಾರ್ಥಿನಿಲಯದಲ್ಲಿ ನಡೆದ ಒಂದು ವಾಗ್ವಾದ. ಗಿಟಾರ್ ನುಡಿಸುವ ನನ್ನ ಗೆಳೆಯನೊಬ್ಬನಿದ್ದಾನೆ. ಅವನ ಪ್ರಕಾರ ಪ್ರಗತಿಶೀಲ ರಾಕ್ ಎಂದರೆ ಇಂದಿನವರದೇ. "ಹಳಬರ ರೆಕಾರ್ಡು ಕೇಳಿ ನೋಡೋ, ತಾಳ ಎಲ್ಲೆಲ್ಲೋ ಜಾರುತ್ತೆ. ಈಗಿನವರ ಬೆರಳು ನೋಡು, ಯಂತ್ರದ ಹಾಗೆ ಓಡುತ್ತೆ!" ಎನ್ನುತ್ತಾನೆ. ನಮ್ಮ ಅಧ್ಯಾಪಕರೊಬ್ಬರು ತಮ್ಮ ಯೌವನದಲ್ಲಿ ಈ ಸಂಗೀತವನ್ನು ಕ್ಯಾಸೆಟ್ಟುಗಳಲ್ಲಿ ಕೇಳಿದವರು. ಅವರನ್ನು ವಿಚಾರಿಸಿದರೆ, "ಅಲ್ಲಪ್ಪಾ, ಯಂತ್ರದ ಹಾಗೆ ಓಡುವುದಾದರೆ ಯಂತ್ರವೇ ಸಾಕಲ್ಲ, ಮನುಷ್ಯನೇಕೆ? ಹಳಬರಲ್ಲಿ ಜೀವವಿತ್ತು" ಎಂದು ನಕ್ಕರು. ಇಬ್ಬರ ಮಾತಿನಲ್ಲಿಯೂ ಅಷ್ಟಷ್ಟು ಸತ್ಯವಿದೆ. ಆದರೆ ಎರಡು ತಲೆಮಾರುಗಳ ನಡುವಣ ನಿಜವಾದ ವ್ಯತ್ಯಾಸ ಬೆರಳಿನಲ್ಲಿಯೂ ಇಲ್ಲ, ಜೀವದಲ್ಲಿಯೂ ಇಲ್ಲ. ಅದು ಬೇರೆಡೆಯಲ್ಲಿದೆ ಎಂಬುದು ನನ್ನ ಅಭಿಮತ. ಅದನ್ನು ನನ್ನ ಶಕ್ತ್ಯನುಸಾರ ನಿರೂಪಿಸಲು ಯತ್ನಿಸುತ್ತೇನೆ.

ಮೊದಲು ಈ ಸಂಗೀತದ ಪರಿಚಯವಿಲ್ಲದವರಿಗಾಗಿ ಎರಡು ಮಾತು. 1960ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಕೆಲವು ತರುಣರಿಗೆ ಮೂರು ನಿಮಿಷದ ಪ್ರೇಮಗೀತೆಗಳು ಸಾಲದಾದುವು. ರಾಕ್ ಸಂಗೀತದ ವಾದ್ಯಗಳನ್ನೇ ಹಿಡಿದು ಅವರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಿಸ್ತಾರವನ್ನೂ ಜಾಝ್‌ನ ಮನೋಧರ್ಮವನ್ನೂ ಜನಪದದ ಮಟ್ಟುಗಳನ್ನೂ ಒಂದುಗೂಡಿಸಹೊರಟರು. 1969ರ ಜುಲೈ ತಿಂಗಳಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ರೋಲಿಂಗ್ ಸ್ಟೋನ್ಸ್ ತಂಡದ ಕಛೇರಿಗೆ ಮುನ್ನ ನುಡಿಸಿದ ಕಿಂಗ್ ಕ್ರಿಮ್ಸನ್ ಎಂಬ ಹೊಸ ತಂಡ, ಅದೇ ವರ್ಷದ ಅಕ್ಟೋಬರಿನಲ್ಲಿ ತನ್ನ ಮೊದಲ ಆಲ್ಬಮನ್ನು ಹೊರತಂದಿತು. ಈ ಸಂಪ್ರದಾಯದ ಆರಂಭವನ್ನು ಬಹುಮಂದಿ ಅಲ್ಲಿಂದಲೇ ಎಣಿಸುತ್ತಾರೆ. ಯೆಸ್, ಜೆನೆಸಿಸ್, ಜೆತ್ರೊ ಟಲ್, ಪಿಂಕ್ ಫ್ಲಾಯ್ಡ್, ಎಮರ್ಸನ್ ಲೇಕ್ ಅಂಡ್ ಪಾಮರ್ ಮೊದಲಾದವು ಆ ಕಾಲದ ಪ್ರಸಿದ್ಧ ತಂಡಗಳು. ಇವರ ಹಾಡುಗಳು ದೀರ್ಘ. ತಾಳಗಳು ನಡುನಡುವೆ ಬದಲಾಗುತ್ತವೆ. ಒಂದು ಇಡೀ ರೆಕಾರ್ಡು ಒಂದೇ ಕಥೆಯನ್ನು ಹೇಳುವುದುಂಟು. ಇದಕ್ಕೆ 'ಪ್ರೋಗ್ರೆಸಿವ್ ರಾಕ್' ಎಂಬ ಹೆಸರು ಬಂತು. ನಾವು ಪ್ರಗತಿಶೀಲವೆನ್ನೋಣ.

ಹಾಗೆಂದೊಡನೆ ಕನ್ನಡ ಓದುವವರಿಗೆ ನಮ್ಮ ಸಾಹಿತ್ಯದ ಪ್ರಗತಿಶೀಲ ಪಂಥ ನೆನಪಿಗೆ ಬರುವುದು ಸಹಜ. 1940ರ ದಶಕದಲ್ಲಿ ಅ.ನ.ಕೃ. ಮೊದಲಾದವರು ಮುನ್ನಡೆಸಿದ ಆ ಚಳವಳಿಗೂ ಈ ಸಂಗೀತಕ್ಕೂ ಹೆಸರಿನ ಹೊರತು ನಂಟಿಲ್ಲ. ಆದರೂ ಒಂದು ಪಾಠವನ್ನು ನಾವು ಅಲ್ಲಿಂದ ಕಲಿಯಬಹುದು. 'ಪ್ರಗತಿ'ಯೆಂಬುದು ನಡೆಯುವ ಕ್ರಿಯೆ. ನಿಂತ ಸ್ಥಳದ ಹೆಸರಲ್ಲ. 1950ರ ದಶಕದಲ್ಲಿ ಗೋಪಾಲಕೃಷ್ಣ ಅಡಿಗರು ಹೊಸ ದಾರಿ ಹಿಡಿದಾಗ ಪ್ರಗತಿಶೀಲವೆಂಬುದು ಆಗಲೇ ಹಿಂದಿನ ಪಂಥವೊಂದರ ಹೆಸರಾಗಿಬಿಟ್ಟಿತ್ತು. ಸಂಗೀತದಲ್ಲಿಯೂ ಹೀಗೆಯೇ ಆಯಿತು. ಈ ಮಾತಿಗೆ ಮುಂದೆ ಮರಳುತ್ತೇನೆ.

ಹಳೆಯ ತಂಡಗಳ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಆಶ್ಚರ್ಯವನ್ನುಂಟುಮಾಡಿದ ಸಂಗತಿಯೆಂದರೆ, ಅದರಲ್ಲಿ ಕಾಲೇಜುಗಳ ಪಾತ್ರ ಎಷ್ಟು ದೊಡ್ಡದೆಂಬುದು. ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್ ಈ ಮೂವರೂ ಲಂಡನ್ನಿನ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಸಹಪಾಠಿಗಳು. ಅವರ 1969ರ 'ಉಮ್ಮಗುಮ್ಮ' ಎಂಬ ಜೋಡಿ ರೆಕಾರ್ಡಿನ ಕಛೇರಿಯ ಭಾಗವನ್ನು ಧ್ವನಿಮುದ್ರಿಸಿದ ಎರಡು ಸ್ಥಳಗಳಲ್ಲಿ ಒಂದು ಮ್ಯಾಂಚೆಸ್ಟರಿನ ಕಾಮರ್ಸ್ ಕಾಲೇಜು. ಆಗ ಬ್ರಿಟನ್ನಿನಲ್ಲಿ ವಿಶ್ವವಿದ್ಯಾನಿಲಯಗಳು ಬೆಳೆಯುತ್ತಿದ್ದ ಕಾಲ. 1962ರ ಶಿಕ್ಷಣ ಶಾಸನದ ಮೇರೆಗೆ ಇಂಗ್ಲೆಂಡು ಮತ್ತು ವೇಲ್ಸ್‌ಗಳಲ್ಲಿ ಮೊದಲ ಪದವಿಗೆ ಸೇರಿದವರ ಶುಲ್ಕವನ್ನು ಸ್ಥಳೀಯ ಶಿಕ್ಷಣಾಧಿಕಾರಿಗಳೇ ಭರಿಸಬೇಕಾಗಿತ್ತು. ಮನೆಯ ವರಮಾನವನ್ನು ನೋಡಿ ಊಟ ವಸತಿಗೂ ಧನಸಹಾಯವಿತ್ತು. ಆ ಹಣವನ್ನು ಹಿಂದಿರುಗಿಸಬೇಕಾಗಿರಲಿಲ್ಲ. ವಾರದ ಕೊನೆಗೆ ಕಾಲೇಜಿನ ಸಭಾಂಗಣದಲ್ಲಿ ಕಛೇರಿ. ಕೇಳುವವರಿಗೆ ವಯಸ್ಸು ಇಪ್ಪತ್ತು, ತಲೆಯ ಮೇಲೆ ಸಾಲವಿಲ್ಲ, ಕೈಯಲ್ಲಿ ಹೊತ್ತು ಇದೆ. ಇಪ್ಪತ್ತು ನಿಮಿಷದ ಹಾಡನ್ನು ಕುಳಿತು ಕೇಳುವ ಶ್ರೋತೃವರ್ಗ ಹುಟ್ಟಿದ್ದು ಇಂಥಲ್ಲಿ.

ಇನ್ನು ರೆಕಾರ್ಡು ಕಂಪನಿಗಳ ಮಾತು. ವ್ಯಾಪಾರಿಗಳು ಧರ್ಮಾತ್ಮರಾಗಿದ್ದರೆಂದು ನಾನು ಹೇಳಲಾರೆ. ಆದರೆ ಆ ದಿನಗಳಲ್ಲಿ ಅವರಿಗೆ ತಾಳ್ಮೆಯಿತ್ತು. ಜೆನೆಸಿಸ್ ತಂಡದ 1969ರ ಮೊದಲ ಆಲ್ಬಂ ಅಂಗಡಿಗಳಲ್ಲಿ ಬಿದ್ದುಕೊಂಡಿತ್ತೇ ಹೊರತು ಮಾರಾಟವಾಗಲಿಲ್ಲ. ಆದರೂ ಕರಿಸ್ಮ ಎಂಬ ಕಂಪನಿಯ ಟೋನಿ ಸ್ಟ್ರಾಟನ್ ಸ್ಮಿತ್ ಆ ಹುಡುಗರನ್ನು ಕೈಹಿಡಿದರು. 'ಸಪ್ಪರ್ಸ್ ರೆಡಿ' ಎಂಬ ಇಪ್ಪತ್ತಮೂರು ನಿಮಿಷದ ಹಾಡು ಹುಟ್ಟಿದ್ದು 1972ರಲ್ಲಿ, ಅವರ ನಾಲ್ಕನೆಯ ಆಲ್ಬಮಿನಲ್ಲಿ. ಪಿಂಕ್ ಫ್ಲಾಯ್ಡಿನ 'ದಿ ಡಾರ್ಕ್ ಸೈಡ್ ಆಫ್ ದಿ ಮೂನ್' 1973ರಿಂದ 1988ರವರೆಗೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಟ್ಟು 741 ವಾರಗಳಿದ್ದ ಕೃತಿ. ಅದು ಅವರ ಎಂಟನೆಯ ಆಲ್ಬಂ! ಅದಕ್ಕೂ ಹಿಂದಿನ ಒಂದೆರಡು ಪ್ರಯೋಗಗಳನ್ನು ಆ ತಂಡದವರೇ ಮುಂದೆ ಹಗುರವಾಗಿ ಮಾತಾಡಿದ್ದುಂಟು. ಮೊದಲ ಎರಡು ಯತ್ನಗಳಲ್ಲಿ ಗೆಲ್ಲದವರನ್ನು ಹೊರಕ್ಕೆ ಹಾಕುವ ಪದ್ಧತಿ ಆಗ ಇದ್ದಿದ್ದರೆ, ಇಂದು ನಾವು ತಲೆದೂಗುವ ಅರ್ಧ ಸಂಗೀತ ಹುಟ್ಟುತ್ತಲೇ ಇರಲಿಲ್ಲ.

ರೆಕಾರ್ಡೆಂಬ ವಸ್ತುವೂ ಈ ಸಂಗೀತದ ಆಕಾರವನ್ನು ನಿರ್ಧರಿಸಿತು. ದೊಡ್ಡ ಪ್ಲೇಟಿನ ಒಂದು ಮಗ್ಗುಲಿಗೆ ಸುಮಾರು ಇಪ್ಪತ್ತು ಇಪ್ಪತ್ತೈದು ನಿಮಿಷ. 1972ರಲ್ಲಿ ಯೆಸ್ ತಂಡದವರು 'ಕ್ಲೋಸ್ ಟು ದಿ ಎಡ್ಜ್' ಎಂಬ ಒಂದೇ ಹಾಡಿನಿಂದ ಒಂದು ಮಗ್ಗುಲನ್ನು ತುಂಬಿಸಿದರು. ಅದೇ ವರ್ಷ ಜೆತ್ರೊ ಟಲ್‌ನವರು 'ಥಿಕ್ ಆಸ್ ಎ ಬ್ರಿಕ್' ಎಂಬ ನಲವತ್ತು ನಿಮಿಷಕ್ಕೂ ಮೀರಿದ ಒಂದೇ ಹಾಡನ್ನು ಎರಡು ಮಗ್ಗುಲಿಗೂ ಹರಡಿದರು. ಪ್ಲೇಟನ್ನು ತಿರುವಿಹಾಕಲು ಮಾತ್ರ ನಡುವೆ ಬಿಡುವು! ಅದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತೆಂಬುದನ್ನು ಇಂದು ನಂಬುವುದೇ ಕಷ್ಟ. ವಾದ್ಯಗಳೂ ಮೊಂಡು ವಾದ್ಯಗಳು. ಮೆಲಟ್ರಾನ್ ಎಂಬುದೊಂದಿತ್ತು, ಅದರ ಒಂದೊಂದು ಕೀಲಿಯ ಹಿಂದೆಯೂ ಪಿಟೀಲೋ ಕೊಳಲೋ ನುಡಿದ ನಾದವನ್ನು ಹಿಡಿದಿಟ್ಟ ಒಂದೊಂದು ಟೇಪು. ಎಂಟು ಸೆಕೆಂಡಿನಷ್ಟು ಹೊತ್ತು ಒತ್ತಿದರೆ ಟೇಪು ಮುಗಿಯಿತು, ಕೈ ಎತ್ತಲೇಬೇಕು. ನನ್ನ ಗೆಳೆಯ ಹೇಳುವ 'ಜಾರುವಿಕೆ' ಇಂಥ ವಾದ್ಯಗಳೊಡನೆ ಗುದ್ದಾಡಿದ್ದರ ಗುರುತೂ ಹೌದು.

ಹಾಗೆಂದು ಹಳಬರನ್ನು ದೇವರ ಮಂಟಪದಲ್ಲಿ ಕೂರಿಸಲು ನಾನು ಸಿದ್ಧನಿಲ್ಲ. ಬಿಡುವೂ ಹಣವೂ ಹೆಚ್ಚಾದಾಗ ಮನುಷ್ಯ ಏನು ಮಾಡುತ್ತಾನೆಂಬುದಕ್ಕೂ ಅವರೇ ಸಾಕ್ಷಿ. ಯೆಸ್ ತಂಡದ ಗಾಯಕ ಜಾನ್ ಆಂಡರ್ಸನ್, ಪರಮಹಂಸ ಯೋಗಾನಂದರ ಆತ್ಮಕಥೆಯನ್ನು ಓದುತ್ತಿದ್ದಾಗ ಶಾಸ್ತ್ರಗಳ ವಿಭಾಗವನ್ನು ಕುರಿತ ಒಂದು ಅಡಿಟಿಪ್ಪಣಿ ಅವರ ಕಣ್ಣಿಗೆ ಬಿತ್ತು. ಅದರಿಂದ ಸ್ಫೂರ್ತಿಗೊಂಡು 1973ರ ಡಿಸೆಂಬರಿನಲ್ಲಿ ಹೊರಬಂದದ್ದು 'ಟೇಲ್ಸ್ ಫ್ರಮ್ ಟೊಪೊಗ್ರಾಫಿಕ್ ಓಷನ್ಸ್': ನಾಲ್ಕು ಮಗ್ಗುಲಿಗೆ ನಾಲ್ಕೇ ಹಾಡು, ಒಟ್ಟು ಎಂಬತ್ತು ನಿಮಿಷ. ಅಡಿಟಿಪ್ಪಣಿಗೆ ಎಂಬತ್ತು ನಿಮಿಷವಾದರೆ ಪುಸ್ತಕಕ್ಕೆಷ್ಟು? ತಂಡದ ಕೀಬೋರ್ಡು ವಾದಕ ರಿಕ್ ವೇಕ್‌ಮನ್‌ರಿಗೇ ಬೇಸರ ಹಿಡಿದು, ಒಂದು ಕಛೇರಿಯ ನಡುವೆ ವೇದಿಕೆಯ ಮೇಲೆಯೇ ಭಾರತೀಯ ಊಟ ತರಿಸಿ ತಿಂದುದಾಗಿ ಅವರೇ ಹೇಳಿಕೊಂಡಿದ್ದಾರೆ. 1974ರಲ್ಲಿ ಅವರು ತಂಡವನ್ನೂ ಬಿಟ್ಟರು. ಕೆಲವೇ ವರ್ಷಗಳಲ್ಲಿ, 1976ರ ಸುಮಾರಿಗೆ, ಪಂಕ್ ಎಂಬ ಹೊಸ ಅಲೆಯೆದ್ದಿತು. ಕೆಲಸವಿಲ್ಲದೆ ಬೀದಿಯಲ್ಲಿ ನಿಂತ ಹುಡುಗರು ಮೂರೇ ಸ್ವರಮೇಳಗಳಲ್ಲಿ ತಮ್ಮ ಸಿಟ್ಟನ್ನು ಕಾರಿಕೊಂಡು, ಈ ದೊಡ್ಡ ದೊಡ್ಡ ಕಾವ್ಯಗಳನ್ನು ಮೂಲೆಗೆ ತಳ್ಳಿದರು. ಆ ಸಿಟ್ಟು ನ್ಯಾಯವಾದುದೆಂದೇ ನನಗೆ ತೋರುತ್ತದೆ. ಜೆನೆಸಿಸ್ ತಂಡ ಹುಟ್ಟಿದ ಚಾರ್ಟರ್‌ಹೌಸ್ ಶಾಲೆಯಂಥ ಸಿರಿವಂತರ ಶಾಲೆಯಲ್ಲಿ ಓದಿದವನಿಗೆ ಕಲ್ಪನಾಲೋಕದಲ್ಲಿ ವಿಹರಿಸಲು ಪುರುಸೊತ್ತಿರುತ್ತದೆ; ಎಲ್ಲರಿಗೂ ಇರುವುದಿಲ್ಲ.

ಇನ್ನು ಇಂದಿನವರು. ಹಳಬರಿಗೂ ಇವರಿಗೂ ನಡುವೆ ಒಂದು ಸೇತುವೆಯಿದೆ. 1983ರಲ್ಲಿ ಮೊದಲ ಆಲ್ಬಂ ತಂದ ಮರಿಲಿಯನ್ ತಂಡ ಹಳೆಯ ದಾರಿಯನ್ನೇ ಹಿಡಿದು ನಡೆದದ್ದು. 1985ರಲ್ಲಿ ಅಮೆರಿಕದ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ಮೂವರು ವಿದ್ಯಾರ್ಥಿಗಳು ಕಟ್ಟಿದ ತಂಡ ಮುಂದೆ ಡ್ರೀಮ್ ಥಿಯೇಟರ್ ಎಂದು ಹೆಸರಾಯಿತು. ಹೆವಿ ಮೆಟಲ್‌ನ ಕಾವನ್ನೂ ಕಟುವಾದ ಸಾಧಕನ ಅಭ್ಯಾಸವನ್ನೂ ಪ್ರಗತಿಶೀಲದೊಳಗೆ ತಂದದ್ದು ಅವರ 1992ರ 'ಇಮೇಜಸ್ ಅಂಡ್ ವರ್ಡ್ಸ್'. 1987ರಲ್ಲಿ ಸ್ಟೀವನ್ ವಿಲ್ಸನ್ ಎಂಬ ಇಂಗ್ಲಿಷ್ ತರುಣ ತನ್ನ ಮನೆಯಲ್ಲಿ ತಾನೊಬ್ಬನೇ ಎಲ್ಲ ವಾದ್ಯಗಳನ್ನೂ ನುಡಿಸಿ, ಇಲ್ಲದ ತಂಡವೊಂದಕ್ಕೆ ಇಲ್ಲದ ಚರಿತ್ರೆಯನ್ನು ಬರೆದು, ಪೋರ್ಕ್ಯುಪೈನ್ ಟ್ರೀ ಎಂದು ಹೆಸರಿಟ್ಟ. ತಮಾಷೆಗೆ ಹುಟ್ಟಿದ ತಂಡ ಮುಂದೆ ನಿಜವಾದ ತಂಡವಾಯಿತು. ಆಮೇಲೆ ಟೂಲ್, ಸ್ವೀಡನ್ನಿನ ಓಪೆತ್, ನಾರ್ವೆಯ ಲೆಪ್ರಸ್, ಲಂಡನ್ನಿನ ಹೇಕನ್, ಎಂಟು ತಂತಿಯ ಗಿಟಾರಿನಲ್ಲಿ ಹಾಡೇ ಇಲ್ಲದ ಸಂಗೀತ ನುಡಿಸುವ ಅನಿಮಲ್ಸ್ ಆಸ್ ಲೀಡರ್ಸ್, ಹೀಗೆ ಈ ಬಳ್ಳಿ ದೇಶದೇಶಗಳಿಗೆ ಹಬ್ಬಿದೆ.

ಈ ಹೊಸಬರು ಬದುಕುವ ಪರಿಸ್ಥಿತಿ ಬೇರೆ. ಇಂಗ್ಲೆಂಡಿನ ವಿದ್ಯಾರ್ಥಿಗೆ 1998ರಲ್ಲಿ ವರ್ಷಕ್ಕೆ 1,000 ಪೌಂಡಿನವರೆಗೆ ಶುಲ್ಕ ಬಂತು. 2012ರಲ್ಲಿ ಅದು 9,000 ಪೌಂಡಿನವರೆಗೆ ಏರಿತು. ಸಾಲ ಮಾಡಿ ಓದುವ ಹುಡುಗ ವಾರದ ಕೊನೆಗೆ ಕಛೇರಿಗೆ ಹೋಗುವನೋ, ಅಂಗಡಿಯಲ್ಲಿ ಕೆಲಸಕ್ಕೆ ಹೋಗುವನೋ? ಎಂಟನೆಯ ಆಲ್ಬಮಿನವರೆಗೆ ಕಾಯುವ ಕಂಪನಿಗಳು ಇಂದು ವಿರಳ. 1997ರಲ್ಲಿ ಮರಿಲಿಯನ್ ತಂಡ ಅಮೆರಿಕಕ್ಕೆ ಹೋಗಲು ಹಣವಿಲ್ಲವೆಂದಾಗ ಅಭಿಮಾನಿಗಳೇ ಅಂತರಜಾಲದ ಮೂಲಕ ಸುಮಾರು 60,000 ಡಾಲರು ಕೂಡಿಸಿಕೊಟ್ಟರು. 2001ರ ಆಲ್ಬಮಿಗೆ ಹನ್ನೆರಡು ಸಾವಿರಕ್ಕೂ ಹೆಚ್ಚು ಮಂದಿ, ಅದು ತಯಾರಾಗುವ ಮೊದಲೇ ಹಣ ಕಟ್ಟಿದರು. ನಮ್ಮಲ್ಲಿ ಹಿಂದೆ ಕವಿಗಳು ಮುಂಗಡ ಚಂದಾ ಎತ್ತಿ ಪುಸ್ತಕ ಅಚ್ಚು ಹಾಕಿಸುತ್ತಿದ್ದ ಪದ್ಧತಿಯೇ ಇದು! ಸಾಧನಗಳೇನೋ ಅಗ್ಗವಾದುವು. ಹಳಬರಿಗೆ ಅಬೆ ರೋಡಿನಂಥ ಸ್ಟುಡಿಯೋ ಬೇಕಾಗಿದ್ದ ಕೆಲಸವನ್ನು ಇಂದು ಮಲಗುವ ಕೋಣೆಯ ಕಂಪ್ಯೂಟರಿನಲ್ಲಿ ಮಾಡಬಹುದು. ಒಬ್ಬ ಒಂದು ಊರಿನಲ್ಲಿ ಡ್ರಮ್ಸ್ ನುಡಿಸಿ ಕಳುಹಿಸಿದರೆ ಇನ್ನೊಬ್ಬ ಬೇರೊಂದು ದೇಶದಲ್ಲಿ ಅದರ ಮೇಲೆ ಗಿಟಾರನ್ನು ಕೂರಿಸುತ್ತಾನೆ.

ನನ್ನ ವಾದದ ತಿರುಳು ಇಲ್ಲಿದೆ. ಹಳಬರಿಗೆ ದೊರೆತಿದ್ದು ಹೊತ್ತು ಮತ್ತು ಸಭಾಂಗಣ. ಹೊಸಬರಿಗೆ ದೊರೆತಿರುವುದು ಸಾಧನ ಮತ್ತು ಕೋಣೆ. ಅವರವರ ಸಂಗೀತದ ಗುಣದೋಷಗಳೆಲ್ಲ ಬಹುಮಟ್ಟಿಗೆ ಇದರಿಂದಲೇ ಹುಟ್ಟಿವೆ. ಒಟ್ಟಿಗೆ ಒಂದೇ ಕೊಠಡಿಯಲ್ಲಿ ನುಡಿಸಿದವರ ತಾಳ ಒಬ್ಬರನ್ನೊಬ್ಬರು ನೋಡಿಕೊಂಡು ಹಿಗ್ಗುತ್ತದೆ, ಕುಗ್ಗುತ್ತದೆ. ಕೋಣೆಯಲ್ಲಿ ಒಂಟಿಯಾಗಿ ಕುಳಿತು ಯಂತ್ರದ ಟಕ್ ಟಕ್ ಸದ್ದಿಗೆ ನುಡಿಸಿದವನದು ಕೂದಲೆಳೆಯಷ್ಟೂ ಅಲುಗುವುದಿಲ್ಲ. ಗೆಳೆಯ ಮೆಚ್ಚುವ ನಿಖರತೆ, ಅಧ್ಯಾಪಕರು ಹುಡುಕುವ ಜೀವ, ಇವೆರಡೂ ಆ ಮನುಷ್ಯರ ಪ್ರತಿಭೆಯ ಅಳತೆಗಳಲ್ಲ. ಅವರು ಕುಳಿತಿದ್ದ ಸ್ಥಳದ ಗುರುತುಗಳು.

ಹಾಡಿನ ವಸ್ತುವನ್ನು ನೋಡಿದರೂ ಇದೇ ತಿಳಿಯುತ್ತದೆ. ಹಳಬರು ರಾಜರನ್ನು, ಪುರಾಣಗಳನ್ನು, ಬ್ರಹ್ಮಾಂಡವನ್ನು ಹಾಡಿದರು. ಪಿಂಕ್ ಫ್ಲಾಯ್ಡಿನವರಂತೆ ಹಣ, ಕಾಲ, ಬುದ್ಧಿಭ್ರಮಣೆಗಳ ಮಾತೆತ್ತಿದವರೂ ಎಲ್ಲರ ಪರವಾಗಿ ಮಾತಾಡುವ ದನಿಯಲ್ಲಿಯೇ ಆಡಿದರು. ಹೊಸಬರ ಶ್ರೇಷ್ಠ ಕೃತಿಗಳು ಒಂಟಿ ಮನುಷ್ಯನ ಕೃತಿಗಳು. ಪೋರ್ಕ್ಯುಪೈನ್ ಟ್ರೀಯ 2007ರ 'ಫಿಯರ್ ಆಫ್ ಎ ಬ್ಲಾಂಕ್ ಪ್ಲಾನೆಟ್' ಪರದೆಗಳ ಮುಂದೆ, ಗುಳಿಗೆಗಳ ಮಂಪರಿನಲ್ಲಿ ಬೆಳೆಯುವ ಹುಡುಗನನ್ನು ಕುರಿತದ್ದು. ವಿಲ್ಸನ್ ತನ್ನ ಹೆಸರಿನಲ್ಲಿಯೇ 2015ರಲ್ಲಿ ತಂದ 'ಹ್ಯಾಂಡ್ ಕೆನಾಟ್ ಇರೇಸ್' ಎಂಬ ಆಲ್ಬಮಿಗೆ ಪ್ರೇರಣೆ ಒಂದು ನಿಜವಾದ ಘಟನೆ: ಲಂಡನ್ನಿನ ತನ್ನ ಮನೆಯಲ್ಲಿ 2003ರಲ್ಲಿ ಒಬ್ಬ ಹೆಣ್ಣುಮಗಳು ತೀರಿಕೊಂಡಳು, ಅದು ಲೋಕಕ್ಕೆ ತಿಳಿದದ್ದು 2006ರಲ್ಲಿ. ಎರಡು ವರ್ಷಕ್ಕೂ ಹೆಚ್ಚು ಕಾಲ ಅವಳನ್ನು ಯಾರೂ ಹುಡುಕಿಕೊಂಡು ಬರಲಿಲ್ಲ. ಆಕೆ ಮುದುಕಿಯಲ್ಲ, ಬಂಧುಬಳಗವಿಲ್ಲದವಳೂ ಅಲ್ಲ. ಕೋಟಿಗಟ್ಟಲೆ ಜನರ ನಡುವೆ ಕಳೆದುಹೋಗುವ ಈ ಭಯವನ್ನು 1972ರ ತರುಣರು ಹೀಗೆ ಹಾಡಲಾರರಾಗಿದ್ದರು. ಹೊಸಬರಲ್ಲಿ ಜೀವವಿಲ್ಲವೆನ್ನುವ ಹಿರಿಯರು ಇದನ್ನೊಮ್ಮೆ ದೀಪವಾರಿಸಿ ಕೇಳಬೇಕೆಂದು ನನ್ನ ಪ್ರಾರ್ಥನೆ. ನಾನು ಅದನ್ನು ಕೇಳಿದ್ದು ವಿದ್ಯಾರ್ಥಿನಿಲಯದ ಮಂಚದ ಮೇಲೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು. ಅದೇ ಕೊಠಡಿಯಲ್ಲಿ ಇನ್ನು ಮೂವರು, ಅವರವರ ಕಿವಿಗೆ ಅವರವರದು. ಹಾಡು ಮುಗಿದಾಗ ನಾವು ನಾಲ್ವರೂ ಒಂದು ಮಾತನ್ನೂ ಆಡದೆ ಒಂದು ಗಂಟೆ ಕಳೆದಿದ್ದೆವೆಂಬುದು ನನ್ನ ಅರಿವಿಗೆ ಬಂತು.

ಹಾಗಾದರೆ ಇಂದಿನವರಲ್ಲಿ ನಿಜವಾಗಿ ಪ್ರಗತಿಶೀಲರು ಯಾರು? ಹಿಂದೆ ಹೇಳಿದ ಮಾತಿಗೆ ಈಗ ಮರಳುತ್ತೇನೆ. ಅನೇಕ ಹೊಸ ತಂಡಗಳು 1972ರ ನಾದವನ್ನು, ಅದೇ ಮೆಲಟ್ರಾನಿನ ನಿಟ್ಟುಸಿರನ್ನು, ಹಾಗೆ ಹಾಗೆಯೇ ಮರುಸೃಷ್ಟಿಸಿ ಅದನ್ನೇ ಪ್ರಗತಿಯೆನ್ನುತ್ತವೆ. ತಾತನ ಕೋಟು ತೊಟ್ಟವನು ತಾತನಾಗುವನೇ? ತಾತಂದಿರಲ್ಲಿಯೇ ಒಬ್ಬರಾದ, ಕಿಂಗ್ ಕ್ರಿಮ್ಸನ್ನಿನ ರಾಬರ್ಟ್ ಫ್ರಿಪ್‌ರನ್ನು ನೋಡಿರಿ. 1974ರಲ್ಲಿ ತಂಡವನ್ನು ವಿಸರ್ಜಿಸಿದರು; 1981ರಲ್ಲಿ ಮತ್ತೆ ಕಟ್ಟಿದಾಗ 'ಡಿಸಿಪ್ಲಿನ್' ಎಂಬ ಆಲ್ಬಮಿನಲ್ಲಿ ಹಳೆಯ ವೈಭವದ ಸೊಲ್ಲೇ ಇಲ್ಲ; ಎರಡು ಗಿಟಾರುಗಳು ನೇಯ್ಗೆಯವರಂತೆ ನೂಲಿಗೆ ನೂಲು ಹೆಣೆಯುತ್ತವೆ. ಆದರೆ ಹಿಂತಿರುಗಿ ನೋಡುವುದೆಲ್ಲ ಸೋಲೆಂದೂ ಹೇಳಲಾಗದು. ಹೇಕನ್ ತಂಡದ 2013ರ 'ಕಾಕ್ರೋಚ್ ಕಿಂಗ್' ಹಳೆಯ ಜೆಂಟಲ್ ಜೈಂಟ್ ತಂಡದ ಕೊರಳುಗಳ ಹೆಣಿಗೆಯನ್ನು ಎತ್ತಿಕೊಂಡು ತನ್ನದನ್ನಾಗಿ ಮಾಡಿಕೊಂಡಿದೆ. ಓಪೆತ್ ತಂಡ 2011ರ 'ಹೆರಿಟೇಜ್'ನಲ್ಲಿ ತನ್ನ ಪ್ರಸಿದ್ಧವಾದ ಗರ್ಜನೆಯ ಗಾಯನವನ್ನು ಬಿಟ್ಟು ಎಪ್ಪತ್ತರ ದಶಕದ ಕಡೆಗೆ ನಡೆದಾಗ ಅಭಿಮಾನಿಗಳು ಗೊಣಗಿದರು; ಆ ತಂಡ ಅವರನ್ನು ಮೆಚ್ಚಿಸಲು ಓಡಲಿಲ್ಲ; ತನಗೆ ಬೇಕೆನಿಸಿದಾಗ, 2024ರಲ್ಲಿ, ಆ ಗರ್ಜನೆಯನ್ನು ಮತ್ತೆ ತಂದಿತು. ಯಾರೂ ನಿರೀಕ್ಷಿಸದ ಕಡೆಗೆ ಹೆಜ್ಜೆಯಿಡುವ ಧೈರ್ಯವೇ ಇಲ್ಲಿ ಅಳತೆಗೋಲು. ಆ ಹೆಜ್ಜೆ ಮುಂದಕ್ಕೋ ಹಿಂದಕ್ಕೋ ಎಂಬುದು ಎರಡನೆಯ ಮಾತು.

ಹೊಸಬರ ಮೇಲಿನ ಇನ್ನೊಂದು ಆಕ್ಷೇಪ, ಅವರ ಸಂಗೀತ ಪಂಡಿತರಿಗೆ ಮಾತ್ರ, ಲೆಕ್ಕ ಬಲ್ಲವರಿಗೆ ಮಾತ್ರ ಎಂಬುದು. ಟೂಲ್ ತಂಡದ 2001ರ 'ಲ್ಯಾಟರಲಸ್' ಹಾಡಿನಲ್ಲಿ ಸಾಲುಗಳ ಅಕ್ಷರಗಳು ಒಂದು, ಒಂದು, ಎರಡು, ಮೂರು, ಐದು, ಎಂಟು ಎಂದು ಏರಿ ಇಳಿಯುವುದನ್ನು ಇದಕ್ಕೆ ಉದಾಹರಣೆಯಾಗಿ ತೋರಿಸುತ್ತಾರೆ. ಆದರೆ ಆ ಸಂಖ್ಯೆಗಳ ಸರಣಿಯನ್ನು ಇಟಲಿಯ ಫಿಬೊನಾಚ್ಚಿಗೆ ಮೊದಲೇ ನಮ್ಮ ದೇಶದ ವಿರಹಾಂಕ, ಹೇಮಚಂದ್ರರಂಥ ಛಂದಸ್ಸಿನ ಪಂಡಿತರು ಕಂಡುಕೊಂಡದ್ದು ಲಘು ಗುರುಗಳನ್ನು ಎಣಿಸುತ್ತ ಅಲ್ಲವೇ? ಪಿಂಕ್ ಫ್ಲಾಯ್ಡಿನ 'ಮನಿ' ಏಳರ ಎಣಿಕೆಯಲ್ಲಿದೆಯೆಂದು ಪಾಶ್ಚಾತ್ಯರು ಬೆರಗಾಗುತ್ತಾರೆ. ಮೂರು ನಾಲ್ಕು, ಮೂರು ನಾಲ್ಕು ಎಂದು ಏಳೇಳಾಗಿ ನಡೆಯುವ ಭಾಮಿನಿ ಷಟ್ಪದಿಯಲ್ಲಿ ಕುಮಾರವ್ಯಾಸನ ಭಾರತವನ್ನು ಅಕ್ಷರ ಬಾರದವರೂ ಶತಮಾನಗಳಿಂದ ಕೇಳಿ ಕಣ್ಣೀರು ಸುರಿಸಿಲ್ಲವೇ? ನಮ್ಮ ತಂದೆಯವರು ಶಾಲೆಯನ್ನು ಬೇಗನೆ ಬಿಟ್ಟವರು. ಬಯಲಾಟವೆಂದರೆ ರಾತ್ರಿಯಿಡೀ ಕಂಬಳಿ ಹೊದ್ದು ಕುಳಿತು, ಯಾವ ಪದ್ಯದಲ್ಲಿ ಭಾಗವತರು ತಾಳ ತಪ್ಪಿದರೆಂಬುದನ್ನು ಬೆಳಿಗ್ಗೆ ಹೇಳಬಲ್ಲವರು. ಆದುದರಿಂದ ದೀರ್ಘವಾದದ್ದು, ಕಷ್ಟವಾದದ್ದು ಸಾಮಾನ್ಯರಿಗಲ್ಲವೆಂಬ ಮಾತನ್ನು ನಾನು ಒಪ್ಪಲಾರೆ. ಸಾಮಾನ್ಯರಿಗೆ ಕೊರತೆಯಾಗಿರುವುದು ಕಿವಿಯಲ್ಲ. ಎಲ್ಲರೂ ಕೂಡಿ ಕುಳಿತು ಕೇಳುವ ರಾತ್ರಿ.

ಆ ರಾತ್ರಿಯನ್ನು ಕತ್ತರಿಸುವ ಯಂತ್ರ ಈಗ ನಮ್ಮೆಲ್ಲರ ಜೇಬಿನಲ್ಲಿದೆ. ಸ್ಪಾಟಿಫೈಯಂಥ ಕಡೆ ಹಾಡನ್ನು 30 ಸೆಕೆಂಡು ಕೇಳಿದರೆ ಒಂದು ಸಲ ಕೇಳಿದಂತೆ ಲೆಕ್ಕ. ಎರಡು ನಿಮಿಷದ ಹಾಡಿಗೂ ಒಂದು ಲೆಕ್ಕ, ಇಪ್ಪತ್ತು ನಿಮಿಷದ ಹಾಡಿಗೂ ಒಂದೇ ಲೆಕ್ಕ. ಒಂದು ಮೊಳ ನೇಯ್ದವನಿಗೂ ಹತ್ತು ಮೊಳ ನೇಯ್ದವನಿಗೂ ಒಂದೇ ಕೂಲಿಯೆಂದರೆ ಹತ್ತು ಮೊಳ ನೇಯುವ ಹುಚ್ಚ ಯಾರು? ಆದರೂ ನೇಯುವವರಿದ್ದಾರೆ! ಪೋರ್ಕ್ಯುಪೈನ್ ಟ್ರೀಯ 'ಅನೆಸ್ಥಟೈಸ್' ಹದಿನೇಳು ನಿಮಿಷಕ್ಕೂ ಮೀರಿದ್ದು. 2021ರಲ್ಲಿ ಡ್ರೀಮ್ ಥಿಯೇಟರ್ ತನ್ನ ಆಲ್ಬಮಿನ ಕೊನೆಗೆ ಇಪ್ಪತ್ತು ನಿಮಿಷದ ಹಾಡನ್ನಿಟ್ಟಿತು. 2019ರಲ್ಲಿ ಟೂಲ್ ತಂಡದ 'ಫಿಯರ್ ಇನಾಕ್ಯುಲಮ್' ಹತ್ತು ನಿಮಿಷ ದಾಟಿದ ಹಾಡಾಗಿದ್ದೂ ಅಮೆರಿಕದ ಹಾಟ್ 100 ಪಟ್ಟಿಯನ್ನು ಹೊಕ್ಕಿತು. ಅಲ್ಲಿಯವರೆಗೆ ಆ ಪಟ್ಟಿಗೆ ಬಂದ ಹಾಡುಗಳಲ್ಲಿ ಅದೇ ಅತಿ ದೀರ್ಘವಾದದ್ದು. ಹಳಬರು ದೀರ್ಘವಾಗಿ ಹಾಡಿದಾಗ ಕಾಲ ಅವರ ಬೆನ್ನಿಗಿತ್ತು; ಹೊಸಬರು ದೀರ್ಘವಾಗಿ ಹಾಡುವುದು ಕಾಲಕ್ಕೆ ಎದುರಾಗಿ. ಧೈರ್ಯವೊಂದನ್ನೇ ತೂಗುವುದಾದರೆ ತಕ್ಕಡಿ ಹೊಸಬರ ಕಡೆಗೆ ಬಾಗುತ್ತದೆಂದು ಹೇಳಲು ನನಗೆ ಸಂಕೋಚವಿಲ್ಲ.

ಇದೆಲ್ಲ ದೂರದ ಇಂಗ್ಲೆಂಡಿನ ಕಥೆಯೆಂದು ಕೈತೊಳೆದುಕೊಳ್ಳುವಂತಿಲ್ಲ. 2002ರಲ್ಲಿ ರೋಜರ್ ವಾಟರ್ಸ್ ಬೆಂಗಳೂರಿಗೆ ಬಂದು ಹಾಡಿದರು. ಅದರ ಮರುವರ್ಷ, 2003ರಲ್ಲಿ, ಅದೇ ಊರಿನಲ್ಲಿ ಅಗಂ ಎಂಬ ತಂಡ ಹುಟ್ಟಿತು. ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರಗತಿಶೀಲ ರಾಕ್‌ನ ಪಾತ್ರೆಯಲ್ಲಿ ಬಡಿಸುವ ತಂಡವದು. ಅದರಲ್ಲಿ ಹಲವರು ಹಗಲು ಬೇರೆ ಉದ್ಯೋಗ ಮಾಡಿಕೊಂಡು ಉಳಿದ ಹೊತ್ತಿನಲ್ಲಿ ಹಾಡುತ್ತ ಬೆಳೆದವರು. ತಮ್ಮ ಬಿಡುವನ್ನು ತಮ್ಮ ಸಂಬಳದಿಂದಲೇ ಕೊಂಡುಕೊಂಡವರು! ಅವರಿಗೆ ನನ್ನ ನಮಸ್ಕಾರ. ಆದರೆ ಸಂಬಳವಿಲ್ಲದವನು ಬಿಡುವನ್ನು ಎಲ್ಲಿ ಕೊಳ್ಳಬೇಕು? ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ನನ್ನಂಥವರು ಈ ಕಾಲೇಜಿನಲ್ಲಿ ಬಹುಮಂದಿ ಇದ್ದೇವೆ. ಶುಲ್ಕದ ರಿಯಾಯಿತಿಯಿಂದ, ವಿದ್ಯಾರ್ಥಿನಿಲಯದ ಅನ್ನದಿಂದ ಮೂರು ವರ್ಷಗಳ ಹೊತ್ತು ನಮಗೆ ದೊರೆಯಿತು. ಊರಿನಲ್ಲಿ ನನ್ನ ವಯಸ್ಸಿನವರಿಗೆ ದೊರೆಯದ ಹೊತ್ತು ಅದು. ಅದು ಪರೀಕ್ಷೆಗೆ ಓದುವುದಕ್ಕೆ ಮಾತ್ರವೆಂದು ಹೇಳುವವರೇ ಹೆಚ್ಚು. 1962ರ ಶಾಸನವನ್ನು ಮಾಡಿದ ಇಂಗ್ಲಿಷರೂ ಅದರಿಂದ ಇಂಥ ಸಂಗೀತ ಹುಟ್ಟೀತೆಂದು ಕನಸಿನಲ್ಲಿಯೂ ಎಣಿಸಿರಲಾರರು. ಬಿಡುವಿನ ಬೆಳೆಯೇ ಹಾಗೆ. ಬಿತ್ತಿದವನು ಎಣಿಸಿದ್ದಲ್ಲ, ಬೇರೊಂದು ಬರುತ್ತದೆ.

ಆದುದರಿಂದ ನನ್ನ ಅಧ್ಯಾಪಕ ಮಹಾಶಯರಲ್ಲಿಯೂ ಸಹಪಾಠಿಗಳಲ್ಲಿಯೂ ಒಂದು ಕೋರಿಕೆಯನ್ನಿಟ್ಟು ಈ ಲೇಖನವನ್ನು ಮುಗಿಸುತ್ತೇನೆ. ನಮ್ಮ ಸಭಾಂಗಣ ವರ್ಷಕ್ಕೆ ಮೂರು ನಾಲ್ಕು ಸಮಾರಂಭಗಳಿಗೆ ತೆರೆದು ಉಳಿದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತದೆ. ತಿಂಗಳಿಗೊಂದು ಸಂಜೆ ಅದನ್ನು ತೆರೆಯೋಣ. ಗಿಟಾರಿನವನು ಬರಲಿ, ತಂಬೂರಿಯವನು ಬರಲಿ, ಬಯಲಾಟದ ಪದ ಬಲ್ಲವನು ಬರಲಿ. ಸ್ಪರ್ಧೆ ಬೇಡ, ಬಹುಮಾನವೂ ಬೇಡ. ಮೊದಲ ದಿನ ಚೆನ್ನಾಗಿ ಬರದಿದ್ದರೆ ಎರಡನೆಯ ಸಲ ಕರೆಯೋಣ. ಎಂಟನೆಯ ಸಲದವರೆಗೂ ಕರೆಯೋಣ. ಕೇಳುವವರು ಕಿವಿಯಿಂದ ಇಯರ್‌ಫೋನ್ ತೆಗೆದು, ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು, ಹಾಡು ಮುಗಿಯುವವರೆಗೆ ಏಳದೆ ಕೇಳೋಣ. ನನ್ನ ಗೆಳೆಯ ಮೊದಲು ನುಡಿಸಲು ಒಪ್ಪಿದ್ದಾನೆ. ಅಧ್ಯಾಪಕರು ಮುಂದಿನ ಸಾಲಿನಲ್ಲಿ ಕುಳಿತು ಕೇಳಲು ಒಪ್ಪಿದ್ದಾರೆ. ನಾನು ಈ ವರ್ಷ ಕಾಲೇಜನ್ನು ಬಿಟ್ಟುಹೋಗುವವನು. ಬೀಗದ ಕೈ ಇರುವವರು ಮನಸ್ಸು ಮಾಡಿದರೆ, ಬರುವ ವರ್ಷದ ಕೇಳುಗರ ಸಾಲಿನಲ್ಲಿ ನನಗೂ ಒಂದು ಕುರ್ಚಿಯಿರಲಿ.